ಹ್ಯಾಂಡ್‌ಬಿಲ್ಲಿನ ಹೆಸರು

ಅವರ ಎಡಹುಬ್ಬು ಅರ್ಧ ಮಾತ್ರ ಇತ್ತು. ಉಳಿದರ್ಧವನ್ನು ಪ್ರೊಜೆಕ್ಟರಿನಲ್ಲಿ ಬೆಳಕಿಗೆಂದು ಉರಿಸುವ ಕಾರ್ಬನ್ ಕಡ್ಡಿಯ ಕಿಡಿ ಸುಟ್ಟಿತ್ತು. ಗುಬ್ಬಿಯ ಟೆಂಟ್ ಸಿನಿಮಾದಲ್ಲಿ ಮೂವತ್ತು ವರ್ಷ ರೀಲು ಓಡಿಸಿದ ಅವರು ನಮ್ಮ ಬೀದಿಗೆಲ್ಲ ಆಪರೇಟರ್ ತಾತ. ದೇವರ ಪಿಚ್ಚರ್ ಬಂದರೆ ಚಪ್ಪಲಿ ಹೊರಗೆ ಬಿಟ್ಟು, ಯಂತ್ರಕ್ಕೆ ಊದುಬತ್ತಿ ಹಚ್ಚಿಯೇ ಆಟ ಶುರು ಮಾಡುತ್ತಿದ್ದರಂತೆ. ರಂಜಾನ್ ತಿಂಗಳಲ್ಲಿ ಅವರು ಉಪವಾಸ ಬಿಟ್ಟು ಬರುವವರೆಗೆ ಊರೇ ಮೊದಲ ಆಟಕ್ಕೆ ಕಾಯುತ್ತಿತ್ತು ಎಂದು ಅಮ್ಮ ಹೇಳುತ್ತಾಳೆ.

ಸ್ವಾತಂತ್ರ್ಯಕ್ಕೆ ಐವತ್ತು ತುಂಬಿದ ವರ್ಷ, ತುಮಕೂರಿನ ನಮ್ಮ ಕಾಲೇಜಿನಲ್ಲಿ ಒಂದು ಪ್ರದರ್ಶನ ಇಟ್ಟಿದ್ದರು. ‘ಇದು ನಮ್ಮ ದೇಶ’ ಎಂಬ ಭಾವನೆಯನ್ನು ಜನರಲ್ಲಿ ಮೂಡಿಸಿದ ಮೊದಮೊದಲ ಸಿನಿಮಾದವರ ಬಗ್ಗೆ. ದಿನಾಂಕ ಹಾಕಿ ಬರೆದಿಡುವ ಚಟವಿದ್ದುದರಿಂದ ಹೆಸರುಗಳ ಪಟ್ಟಿ ನನ್ನ ಪಾಲಿಗೆ ಬಂತು. ಮೂರು ಭಾನುವಾರ ತಾತನ ಮನೆಗೆ ಹೋದೆ. ಅವರ ತಂದೆ ಮೂಕಿ ಚಿತ್ರಗಳ ಕಾಲದಲ್ಲಿ ಮುಂಬಯಿಗೆ ಹೋಗಿ ಪುರಾಣದ ಪಿಚ್ಚರ್ ತೆಗೆದವರು. ತಾತ ಟ್ರಂಕಿನಿಂದ ತೆಗೆದುಕೊಟ್ಟ ಅದರ ಹ್ಯಾಂಡ್‌ಬಿಲ್ಲಿನಲ್ಲಿ ಮಾತ್ರ ನಿರ್ದೇಶಕರ ಜಾಗದಲ್ಲಿ ಒಂದು ಹಿಂದೂ ಹೆಸರಿತ್ತು. ಅದನ್ನೇ ಬರೆದುಕೊಂಡೆ.

“ಅದು ಕಂಪನಿಯವ್ರು ಇಟ್ಟಿದ್ದು ಕಣವ್ವಾ. ರಾಮನ ಕತೆ ಸಾಬ್ರು ತೆಗೆದವ್ರೆ ಅಂದ್ರೆ ಜನ ಬರಲ್ಲ ಅಂತ ಹೆದರ್ಕೊಂಡ್ರು. ನೀನು ಮನೇಲಿಟ್ಟ ಹೆಸರು ಬರಿ.”

“ಅಚ್ಚಾಗಿರೋದು ಇದೇ ಅಲ್ವಾ ತಾತ? ಆ ಹೆಸರಿಗೆ ಸಾಕ್ಷಿ ಬೇಕು.”

“ಸಾಕ್ಷಿನಾ?” ಬೀಡಿ ಬೆರಳಲ್ಲೇ ನಿಂತಿತು. “ಅವರ ಮಗ ನಿನ್ನ ಎದುರಿಗೇ ಕೂತಿಲ್ವೇನವ್ವಾ?”

ಅವತ್ತಿನ ಡೈರಿಯಲ್ಲಿ ಒಂದೇ ಸಾಲಿದೆ: ‘ತಾತನ ಮನಸ್ಸು ನೋಯಿಸಿದೆ.’

ಪ್ರದರ್ಶನದ ಹಲಗೆಯ ಮೇಲೆ ಮನೆಯಲ್ಲಿಟ್ಟ ಹೆಸರನ್ನೇ ಬರೆದೆ. ಆಧಾರ ಎಂಬ ಕಡೆ ‘ಮಗ ಹೇಳಿದ್ದು’ ಎಂದು ಹಾಕಿದೆ.

“ಇದ್ಯಾವ ಸೀಮೆ ಆಧಾರಮ್ಮಾ?” ಎಂದರು ಮೇಷ್ಟ್ರು.

“ನಾಳೆ ಅವರೇ ಬರ್ತಾರೆ ಸಾರ್, ಕೇಳಿ.”

ಇಸ್ತ್ರಿ ಮಾಡಿದ ಜುಬ್ಬ ತೊಟ್ಟು ಬಸ್ಸಿಳಿದು ಬಂದ ತಾತ, ಬೆರಳಿಟ್ಟು ಒಂದೊಂದೇ ಅಕ್ಷರ ಓದಿದರು. ಮೇಷ್ಟ್ರು ಏನೂ ಕೇಳಲಿಲ್ಲ, ಕುರ್ಚಿ ತರಿಸಿದರು. ತಾತ ಕೂರಲಿಲ್ಲ.

“ಇನ್ನೊಂದು ಹೆಸರೂ ಕೆಳಗೆ ಬರಿ ಮಗಾ,” ಎಂದರು. “ಅದನ್ನ ನೋಡಿ ಕೈ ಮುಗಿದವ್ರೆ ಜನ. ಅದೂ ನಮ್ಮಪ್ಪಂದೇ.”

ಬರೆದೆ. ಆಗ ಕೂತರು.

ಆರು ವರ್ಷದ ಮೇಲೆ ತಾತ ತೀರಿಕೊಂಡರು. ಅವರಿಗೆ ಮಕ್ಕಳಿರಲಿಲ್ಲ. ಆ ಹಳೆಯ ಚಿತ್ರದ ಬಗ್ಗೆ ಯಾರಾದರೂ ವಿಚಾರಿಸಿದರೆ ಎರಡೂ ಹೆಸರು ಹೇಳುತ್ತೇನೆ, ಕೇಳಿದವರ ಲೆಕ್ಕ ಡೈರಿಯಲ್ಲಿ ಇಡುತ್ತೇನೆ. ಇವತ್ತಿಗೆ ನಾಲ್ಕು ಜನ.