ಬ್ಯಾಟರಿ ತೆಗೆದವನು ನಾನು

ಆ ಕ್ಯಾಲ್ಕುಲೇಟರಿನ ಬ್ಯಾಟರಿ ತೆಗೆದವನು ನಾನು. ಖಾದರ್ ಅಲ್ಲ. ಇಷ್ಟು ಹೇಳಲು ನನಗೆ ಮುಪ್ಪು ಬರಬೇಕಾಯಿತು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಸೊರಬದಲ್ಲಿ ನಮ್ಮ ಸರ್ವೆ ಕ್ಯಾಂಪು. ಕುಪ್ಪಗಡ್ಡೆಯ ಕಡೆ ನಾಲೆ ತೋಡಲು ಅಳತೆ ನಡೆದಿತ್ತು. ನಾನೂ ಖಾದರ್ ಅವರೂ ಒಂದೇ ದರ್ಜೆಯ ನೌಕರರು, ಒಂದೇ ಕೋಣೆಯಲ್ಲಿ ವಾಸ. ಅವರು ಶಿಕಾರಿಪುರದವರು, ಪಾತ್ರೆಗೆ ಕಲಾಯಿ ಹಾಕುವವರ ಮಗ.

ಆ ವರ್ಷ ಕಚೇರಿಗೆ ವಿದೇಶದ ಒಂದು ಕ್ಯಾಲ್ಕುಲೇಟರ್ ಬಂತು. ಬರೀ ಕೂಡಿ ಕಳೆಯುವಂಥದ್ದಲ್ಲ — ಲೆಕ್ಕದ ಕ್ರಮವನ್ನು ಒಮ್ಮೆ ಒಳಗೆ ತುಂಬಿಟ್ಟರೆ ಆಮೇಲೆ ಅಂಕಿ ಕೊಟ್ಟಾಗಲೆಲ್ಲ ತಾನೇ ಮಾಡಿ ಮುಗಿಸುತ್ತಿತ್ತು. ಅದರ ಇಂಗ್ಲಿಷ್ ಕೈಪಿಡಿ ನೋಡಿ ನಾನು ಕೈಚೆಲ್ಲಿದೆ. ಖಾದರ್ ಬಿಡಲಿಲ್ಲ. ಮಳೆಗಾಲವಿಡೀ ಕೂತು ನಾಲೆಯ ಲೆಕ್ಕವನ್ನೆಲ್ಲ ಅದಕ್ಕೆ ತುಂಬಿದರು. ನನಗೂ ಕಲಿಸಿದರು.

“ಮಧ್ಯದಲ್ಲಿ ನಿಂತುಬಿಟ್ರೆ ಹೆದರಬೇಡ್ರಿ. ಸ್ವಿಚ್ ಆಫ್ ಮಾಡಿ ತಿರುಗಿ ಹಾಕ್ರಿ, ಸರಿ ಹೋಗ್ತದೆ. ಬ್ಯಾಟರಿಗೆ ಮಾತ್ರ ಕೈ ಹಚ್ಚಬೇಡ್ರಿ. ತುಂಬಿದ್ದೆಲ್ಲ ಅಳಿಸಿ ಹೋಗ್ತದೆ.”

ನಮ್ಮಿಬ್ಬರಲ್ಲಿ ಒಬ್ಬರಿಗೆ ಬಡ್ತಿ ಕೊಟ್ಟು ಶಿವಮೊಗ್ಗಕ್ಕೆ ಕರೆಸಿಕೊಳ್ಳುತ್ತಾರೆಂಬ ಸುದ್ದಿ ಬಂತು. ಅದು ಅವರಿಗೇ ಎಂದು ಎಲ್ಲರಿಗೂ ಗೊತ್ತಿತ್ತು — ನನಗೂ. ಒಂದು ಶುಕ್ರವಾರ ದೊಡ್ಡ ಸಾಹೇಬರು ಸೊರಬದ ಬಂಗಲೆಗೆ ಬರುವವರಿದ್ದರು. ಮಧ್ಯಾಹ್ನ ಅವರೆದುರು ಖಾದರ್ ಲೆಕ್ಕ ಮಾಡಿ ತೋರಿಸಬೇಕಿತ್ತು.

ಖಾದರ್ ನಮಾಜಿಗೆ ಹೋಗಿದ್ದರು. ನಾನು ಕ್ಯಾಲ್ಕುಲೇಟರ್ ಎತ್ತಿಕೊಂಡೆ. ಸುಮ್ಮನೆ ನೋಡಲೆಂದು — ಇಲ್ಲ, ಸುಮ್ಮನೆ ಅಲ್ಲ. ಏನೇನೋ ಒತ್ತಿದೆ. ಅದು ನಿಂತುಬಿಟ್ಟಿತು. ಕೆಂಪು ಅಂಕಿಗಳು ಅಲುಗಲಿಲ್ಲ, ಯಾವ ಬಟನ್ ಒತ್ತಿದರೂ ಬದಲಾಗಲಿಲ್ಲ. ಸ್ವಿಚ್ ಆಫ್ ಮಾಡಿದ್ದರೆ ಸಾಕಿತ್ತು. ನಾನು ಮುಚ್ಚಳ ಸರಿಸಿ ಬ್ಯಾಟರಿ ತೆಗೆದೆ. ಕೂಡಲೇ ಹಾಕಿದರೆ ಒಳಗಿನದು ಉಳಿದೀತೆಂದು ಅದನ್ನು ಜೇಬಿಗಿಳಿಸಿ, ಪೇಟೆಗೆ ಹೋಗಿ, ನಿಧಾನವಾಗಿ ಚಹಾ ಕುಡಿದು ಬಂದೆ. ಆಮೇಲೆ ಹಾಕಿದೆ. ಯಂತ್ರ ಹೊಸದರ ಹಾಗೆ ಹೊತ್ತಿಕೊಂಡಿತು. ಒಳಗೆ ಏನೂ ಇರಲಿಲ್ಲ.

ಬಂಗಲೆಯಲ್ಲಿ ಖಾದರ್ ಅಂಕಿ ಕೊಟ್ಟರು. ಸೊನ್ನೆ ಬಂತು. ಮತ್ತೆ ಕೊಟ್ಟರು. ಸೊನ್ನೆ. “ಸಾರ್, ಅರ್ಧ ಗಂಟೆ ಕೊಡ್ರಿ, ತಿರುಗಿ ತುಂಬ್ತೀನಿ” ಎಂದರು.

ಸಾಹೇಬರು ನನ್ನ ಕಡೆ ತಿರುಗಿದರು. “ಯಾವಾಗಲೂ ಹೀಗೇನಾ?”

“ಆಗಾಗ ಆಗ್ತದೆ ಸಾರ್. ಇವರ ಲೆಕ್ಕ ನಂಬಿ ನಾಲೆ ತೋಡಿದರೆ ಕಷ್ಟ.”

ಸಾಹೇಬರು ನಕ್ಕರು. “ಕಲಾಯಿ ಹಾಕೋರ ಕೈಗೆ ಕೊಟ್ರೆ ಇನ್ನೇನಾಗ್ತದೆ?” ಎಲ್ಲರೂ ನಕ್ಕರು. ನಾನೂ ನಕ್ಕೆ.

ವಾಪಸು ಬರುವಾಗ ಖಾದರ್ ಕೇಳಿದರು: “ನನ್ನ ಲೆಕ್ಕ ತಪ್ಪಿದ್ದು ನೀವು ಮೊದಲೂ ನೋಡಿದ್ರೇನ್ರಿ?”

ಆಗಲಾದರೂ ಹೇಳಬಹುದಿತ್ತು. “ಎಷ್ಟೋ ಸಲ ನೋಡಿದೀನಿ. ನಿಮಗೆ ಬೇಜಾರಾದೀತು ಅಂತ ಸುಮ್ಮನಿದ್ದೆ” ಎಂದೆ.

ಅವರು ನಂಬಿದರು. ಅಂದಿನಿಂದ ಪ್ರತಿ ಲೆಕ್ಕವನ್ನೂ ನನ್ನ ಮುಂದೆ ತಂದಿಡುತ್ತಿದ್ದರು. ಒಂದರಲ್ಲೂ ತಪ್ಪಿರುತ್ತಿರಲಿಲ್ಲ. ನಾನು ಹುಬ್ಬು ಗಂಟಿಕ್ಕಿ, “ಇನ್ನೊಂದ್ಸಲ ಮಾಡಿ ನೋಡಿ” ಎಂದು ಹಿಂದಿರುಗಿಸುತ್ತಿದ್ದೆ. ಅವರು ದೀನರಾಗಿ ತಿರುಗಿ ಕೂರುತ್ತಿದ್ದರು — ಅದನ್ನು ನೋಡುವುದು ನನಗೆ ಹಿತವಾಗಿತ್ತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಹಿತವಾಗಿತ್ತು.

ಬಡ್ತಿ ನನಗಾಯಿತು. ನಾನು ಶಿವಮೊಗ್ಗ ಸೇರಿದ ಮೇಲೆ ಖಾದರ್ ಕೆಲಸ ಬಿಟ್ಟು, ಶಿಕಾರಿಪುರದಲ್ಲಿ ಅಪ್ಪನ ಕಲಾಯಿ ಕುಲುಮೆಯ ತಿದಿಯ ಮುಂದೆ ಕೂತರೆಂದು ಕೇಳಿದೆ. ಕೇಳಿ ಸುಮ್ಮನಾದೆ. ನಾಲೆಗೆ ನೀರು ಬಂತು. ಅವರ ಲೆಕ್ಕದಂತೆಯೇ ಬಂತು.

ನಿನ್ನೆ ಶಿಕಾರಿಪುರಕ್ಕೆ ಹೋಗಿ ಮನೆ ಹುಡುಕಿದೆ. ಖಾದರ್ ಸಣಕಲಾಗಿದ್ದಾರೆ. ಗುರುತು ಹಿಡಿದು ಕುರ್ಚಿ ಕೊಟ್ಟರು. ನಾನು ಕೂರದೆ ಎಲ್ಲ ಹೇಳಿದೆ — ಬ್ಯಾಟರಿ, ಬಂಗಲೆಯ ಮಾತು, ಸರಿ ಇದ್ದ ಲೆಕ್ಕಗಳನ್ನು ಮರಳಿಸಿದ್ದು. ಅವರು ಬೈಯಲಿಲ್ಲ. ಒಳಗಿದ್ದ ಹೆಂಡತಿಯನ್ನು ಕರೆದರು.

“ಸರಕಾರಿ ಮಷಿನ್ ಕೆಡಿಸಿ ಬಂದವನು ಅಂತ ಇವಳ ಅಣ್ಣಂದಿರು ಸಾಯೋ ತನಕ ಆಡಿಕೊಂಡ್ರು. ಈಗ ಹೇಳಿದ್ದನ್ನ ಇವಳ ಮುಂದೆ ಇನ್ನೊಂದ್ಸಲ ಹೇಳ್ರಿ.”

ಹೇಳಿದೆ. ಆಕೆ ಬಾಗಿಲಿಗೆ ಒರಗಿ ಕೊನೆಯವರೆಗೂ ಕೇಳಿದರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು.

ಹೊರಟಾಗ ಖಾದರ್ ಬಾಗಿಲವರೆಗೆ ಬಂದರು.

“ನಾಳೆ ಮಗ ದಾವಣಗೆರೆಯಿಂದ ಬರ್ತಾನೆ. ಅವನಿಗೂ ಹೇಳಬೇಕ್ರಿ ನೀವು.”

ಶಿಕಾರಿಪುರದ ಬಸ್ಸು ಹತ್ತು ಗಂಟೆಗೆ. ಹೊರಡುತ್ತಿದ್ದೇನೆ.