ದೊಡ್ಡಮ್ಮನ ಮನಿಗೆ ನಾ ಕಟ್ಟಿದ ಫ್ಲೆಕ್ಸು

ಆ ಫ್ಲೆಕ್ಸ್ ಹಾಕ್ಸಿದಾಂವ ನಾನ. ಮೊದ್ಲ ಹೇಳಿಬಿಡ್ತೀನಿ.

ನಾನು ಟಿಪ್ಪರ್ ಡ್ರೈವರ್. ಹೊಸಪೇಟ್ಯಾಗ ಬಾಡಿಗಿ ಮನಿ, ಸಂಡೂರು ಗಣಿ ಕಡೆ ಗಾಡಿ. ಹೆಂಡ್ತಿ ಹಂಪಿ ಹತ್ರ ಒಂದು ಹೋಟೆಲ್ಲಿನಾಗ ರೂಮ್ ಸ್ವಚ್ಛ ಮಾಡಾಕ ಹೋಗ್ತಿದ್ಲು. ಮಗಳಿಗೆ ಆಗಿನ್ನೂ ಎರಡು ವರ್ಷ. ಅಂಗನವಾಡಿ ಸಂಜಿತನ ಇರಂಗಿಲ್ಲ. ನಾವಿಬ್ರೂ ಮನಿ ಮುಟ್ಟೋದು ಹೊತ್ತು ಮುಳುಗೋ ಟೈಮಿಗೆ.

ಹಿಂದಿನ ಓಣ್ಯಾಗ ಒಬ್ಬಾಕಿ ಇದ್ಲು. ಯಾರಿಗೂ ಸಂಬಂಧ ಅಲ್ಲ, ಆದ್ರ ಎಲ್ಲಾರೂ ದೊಡ್ಡಮ್ಮ ಅಂತಿದ್ವಿ. ಗಂಡ ತೀರ್ಕೊಂಡಿದ್ದ, ಮನಿ ಸ್ವಂತದ್ದು. ದುಡಿಯಾಕ ಹೋಗೋರ ಕೂಸುಗಳನ್ನ ನೋಡ್ಕೋತಿದ್ಲು. ನನ್ನ ಮಗಳು ಸೇರಿ ಒಂಬತ್ತು ಮಕ್ಕಳು.

ಮುಂಜಾನೆ ಮಗಳನ್ನ ಬೈಕ್ ಟ್ಯಾಂಕ್ ಮ್ಯಾಲೆ ಕುಂದ್ರಿಸ್ಕೊಂಡು ಹೋಗ್ತಿದ್ದೆ. ಓಣಿ ತಿರುವಿನಿಂದನ ಹಾರ್ನ್ ಒತ್ತತಿತ್ತು ಅದು. ದೊಡ್ಡಮ್ಮ ಒಳಗಿಂದ, "ಬಂದ್ಲು ನೋಡ್ರಿ ಲಾರಿ ಮಾಲಕಿ" ಅಂತಿದ್ಲು. ಮಗಳು ನನ್ನ ಕಡೆ ತಿರುಗಿ ಸೈತ ನೋಡ್ತಿದ್ದಿಲ್ಲ, ಓಡಿಬಿಡ್ತಿದ್ಲು.

ಲೋಡು ಜಲ್ದಿ ಮುಗಿದ್ರ ನಾ ಮಧ್ಯಾಹ್ನಕ್ಕ ಬರ್ತಿದ್ದೆ. ಪಡಸಾಲ್ಯಾಗ ಉದ್ದಕ ಕೌದಿ ಹಾಸಿ ಒಂಬತ್ತೂ ಮಕ್ಕಳನ್ನ ಮಲಗಿಸಿರ್ತಿದ್ಲು. ಆಕಿ ಬಾಗಿಲಾಗ ಕುಂತು ಶೇಂಗಾ ಸುಲಿಯಾಕಿ. "ಬೂಟು ಕಳೀಲೇ, ಮಣ್ಣೆಲ್ಲಾ ಹೊತ್ಕೊಂಡ್ ಬಂದಾನ" ಅಂತ ಬಾಯಿ ಮಾಡಾಕಿ, ಅದೂ ಮೆತ್ತಗ. ನಾ ಗ್ವಾಡಿಗೆ ಒರಗಿ ಕುಂತ್ರ ನನಗೂ ಕಣ್ಣು ಹತ್ತಿಬಿಡ್ತಿತ್ತು. ಅಂಥಾ ನಿದ್ದಿ ಆಮ್ಯಾಲೆ ನನಗ ಎಲ್ಲೂ ಬಂದಿಲ್ಲ.

ನಮ್ಮೂರಾಗ ಏನಿದ್ರೂ ಫ್ಲೆಕ್ಸ್ ಬೇಕು. ಹುಟ್ಟಿದ್ರೂ ಫ್ಲೆಕ್ಸ್, ವ್ರತಕ್ಕ ಮಾಲಿ ಹಾಕಿದ್ರೂ ಫ್ಲೆಕ್ಸ್, ಸತ್ರೂ ಫ್ಲೆಕ್ಸ್. ಹಾಕಲಿಲ್ಲ ಅಂದ್ರ ಅವರ ಮ್ಯಾಲೆ ಪ್ರೀತಿ ಇಲ್ಲ ಅಂತ ಲೆಕ್ಕ. ದೊಡ್ಡಮ್ಮ ಮಕ್ಕಳನ್ನ ನೋಡಾಕ ಹತ್ತಿ ಐದು ವರ್ಷ ತುಂಬ್ತು ಅಂತ ಗೊತ್ತಾತು. ನಾನು, ಇನ್ನಿಬ್ರು ಮಕ್ಕಳ ಅಪ್ಪಂದ್ರು ಸೇರಿ ದೊಡ್ಡದೊಂದು ಮಾಡಿಸಿದ್ವಿ. ನಡುವ ಆಕಿ ಫೋಟೋ, ಸುತ್ತ ಒಂಬತ್ತು ಮಕ್ಕಳು, ಮ್ಯಾಲೆ "ದೊಡ್ಡಮ್ಮನ ಮಕ್ಕಳ ಮನೆ". ಕೆಳಗ ಜಾಗ ಖಾಲಿ ಉಳೀತು. ಅಂಗಡಿಯಾಂವ ಏನರ ಹಾಕ್ಸ್ರಿ ಅಂದ. ನಾ ಆಕಿ ಫೋನ್ ನಂಬರ್ ಹಾಕ್ಸಿದೆ. ಬರೇ ಜಾಗ ತುಂಬಾಕ.

ಗೇಟಿಗೆ ಕಟ್ಟಿದಾಗ ಆಕಿ ಹೊರಗ ಬಂದು ನೋಡಿದ್ಲು.

"ಏನ್ಲೇ, ನಾ ಸತ್ತೀನೇನು? ಹಾರ ಒಂದು ಕಡಿಮಿ ಐತಿ. ತೆಗೀಲೇ."

"ಸುಮ್ನಿರು ದೊಡ್ಡಮ್ಮ, ಮಸ್ತ್ ಕಾಣ್ತಿ."

ಬ್ಯಾಡ ಬ್ಯಾಡ ಅಂದ್ಲು. ನಾವ ಕೇಳಲಿಲ್ಲ.

ದೊಡ್ಡಮ್ಮನ ಎದುರು ಮನಿ ಅಣ್ಣಾರು ಫ್ಯಾಕ್ಟರ್ಯಾಗ ರಾತ್ರಿ ಪಾಳಿ. ಹಗಲು ಮಲಗೋ ಮನುಷ್ಯಾ. ಹಾರ್ನು, ಅಳು, ಬೈಕು, ಎಲ್ಲಾ ಐದು ವರ್ಷ ತಡಕೊಂಡಿದ್ರು. ಫ್ಲೆಕ್ಸ್ ನೋಡಿದ್ದ ನೋಡಿದ್ದು, ಫೋಟೋ ತೆಗದು ನಗರಸಭೆಗೆ ಅರ್ಜಿ ಕೊಟ್ರು.

ಆಫೀಸಿನಿಂದ ಒಬ್ರು ಬಂದ್ರು. ಒಳಗ ಬರಲಿಲ್ಲ, ಗೇಟಿನ ಮುಂದನ ನಿಂತು ಓದಿದ್ರು. "ಇದು ವಾಸದ ಮನಿ ಅಂತ ಐತ್ರಿ. ವ್ಯವಹಾರ ಮಾಡಂಗಿಲ್ಲ."

"ವ್ಯವಹಾರ ಎಲ್ಲೈತ್ರಿ ಸಾರ್? ಮಕ್ಕಳು ಮಲಗ್ಯಾವ" ಅಂದೆ.

"ಬೋರ್ಡ್ ಐತಲ್ಲಪ, ನಂಬರ್ ಐತಿ. ಮನಿಗೆ ಯಾರರ ನಂಬರ್ ಬರೀತಾರ?"

ಅವತ್ತ ಫ್ಲೆಕ್ಸ್ ಹರದು ಒಗದೆ. ಆದ್ರ ಅರ್ಜಿ ಅರ್ಜಿನ. ನಡಸ್ಬೇಕಂದ್ರ ಪರವಾನಗಿ ಬೇಕು, ಅದಕ್ಕ ಅಕ್ಕಪಕ್ಕ ಎದುರು ಮನಿಯವ್ರ ಒಪ್ಪಿಗಿ ಬೇಕು, ರಸ್ತಿ ಅಗಲ ಇರಬೇಕು ಅಂದ್ರು.

ಎದುರು ಮನಿಗೆ ಹೋದೆ. ಅಣ್ಣಾರು ಕಣ್ಣು ಕೆಂಪು ಮಾಡ್ಕೊಂಡು ಬಂದ್ರು. ನಿದ್ದಿಗಣ್ಣು, ಸಿಟ್ಟಲ್ಲ.

"ನೋಡಪಾ, ನನಗ ಮಕ್ಕಳ ಮ್ಯಾಲೆ ಏನಿಲ್ಲ. ಒಂಬತ್ತ ಅದಾವ ಅಂತ ಸುಮ್ನಿದ್ದೆ. ನೀವು ಬೋರ್ಡ್ ಹಾಕಿದ್ರಿ. ನಾಳೆ ಐವತ್ತು ಬರ್ತಾವ, ವ್ಯಾನ್ ಬರ್ತಾವ. ನಾ ಎಲ್ಲಿ ಮಲಗ್ಲಿ?"

"ಪ್ರೀತಿಗೆ ಹಾಕಿದ್ದು ಅಣ್ಣಾರ."

"ನಾ ಅದನ್ನ ಹೆಂಗ ತಿಳ್ಕೋಬೇಕು?"

ಅವರು ಹೇಳಿದ್ದು ಸುಳ್ಳಲ್ಲ. ಅದಕ್ಕ ಎದ್ದು ಬಂದೆ.

ನಗರಸಭೆಗೆ ಕರದ ದಿನ ಎಲ್ಲಾ ತಾಯಂದ್ರು ಕೂಸು ಎತ್ಕೊಂಡು ಬಂದು ಗೇಟಿನ ಹೊರಗ ನಿಂತ್ರು. ದಾರ್ಯಾಗ ದೊಡ್ಡಮ್ಮಗ ನಾನ ಹೇಳಿಕೊಟ್ಟಿದ್ದೆ. "ಈಗ ಎರಡ ಮಕ್ಕಳು ಉಳದಾವ, ಅವೂ ತಂಗಿ ಮೊಮ್ಮಕ್ಕಳು ಅನ್ನು. ಮುಗೀತು." ಹ್ಞೂಂ ಅಂದಿದ್ಲು.

ಸಾಹೇಬ್ರು, "ಎಷ್ಟು ಮಕ್ಕಳಮ್ಮ?" ಅಂದ್ರು.

"ಒಂಬತ್ತ್ರೀ" ಅಂದ್ಲು. ನಾ ಹಿಂದಿನಿಂದ ಸೀರಿ ಸೆರಗು ಜಗ್ಗಿದೆ. ಕೈ ಬಡದು ಹಾಕಿದ್ಲು. "ಒಂದು ಬೆರಳು ಚೀಪ್ತೈತಿ, ಒಂದಕ್ಕ ಹಾಲು ಆಗಂಗಿಲ್ಲ, ಒಂದು ಹಾರ್ನ್ ಹುಚ್ಚಿ. ಯಾವುದನ್ನ ಇಲ್ಲ ಅನ್ಲಿ ಸಾಹೇಬ್ರ?"

ಸಾಹೇಬ್ರು ಒಳ್ಳೆಯವ್ರ, ನಕ್ರು. ಆದ್ರೂ ಆ ಓಣಿಗೆ ಪರವಾನಗಿ ಆಗಂಗಿಲ್ಲ, ಮುಚ್ಚಬೇಕು ಅಂತ ಬರದು ಕೊಟ್ರು.

ಹೊರಗ ಬಂದು ನಾ ಬೈದೆ. "ಎರಡು ಅಂದಿದ್ರ ಏನಾಗ್ತಿತ್ತು ನಿನಗ? ಹೋಗ್ಲಿ, ನಮ್ಮದನ್ನೊಂದು ಇಟ್ಕೊ, ಯಾರ್ ಕೇಳ್ತಾರ?"

ಆಕಿ ನನ್ನ ಮಕ ನೋಡಲಿಲ್ಲ. "ನಿಂದನ್ನ ಇಟ್ಕೊಂಡು ಎಂಟನ್ನ ಹೆಂಗ ಹೊರಗ ಹಾಕ್ಲೆಪ್ಪಾ?"

ನನ್ನ ಹೆಂಡ್ತಿ ಹದಿನೈದು ದಿನ ಮಗಳನ್ನ ಹೋಟೆಲ್ಲಿಗೆ ಕರಕೊಂಡು ಹೋದ್ಲು. ಹೋಟೆಲ್ಲಿನವ್ರು ಬ್ಯಾಡ ಅಂದ್ರು. ಒಬ್ಬರ ದುಡಿಮ್ಯಾಗ ನಮಗ ನಡಿಯಂಗಿಲ್ಲ. ಕಂಪ್ಲ್ಯಾಗ ಹೆಂಡ್ತಿ ಅವ್ವ ಅದಾಳ, ಅಲ್ಲೇ ಅಕ್ಕಿ ಮಿಲ್ಲಿನಾಗ ಈಕಿಗೆ ಕೆಲಸ ಸಿಕ್ತು. ತಾಯಿ ಮಗಳು ಇಬ್ರೂ ಹೋದ್ರು. ಬಸ್ ಹತ್ತೋವಾಗ ಹೆಂಡ್ತಿ ಬೈಯಲಿಲ್ಲ. "ಊಟ ಬಿಡಬ್ಯಾಡ್ರಿ" ಅಂದ್ಲು ಅಷ್ಟ. ಬೈದಿದ್ರ ಚಲೋ ಇತ್ತು.

ಈಗ ಒಂದು ವರ್ಷ ಆತು. ಮುಂಜಾನೆ ಡ್ಯೂಟಿಗೆ ಹೊಂಟಾಗ ಟ್ಯಾಂಕ್ ಮ್ಯಾಲೆ ಜಾಗ ಬಿಟ್ಟು ಹಿಂದ ಸರದು ಕುಂದ್ರತೀನಿ. ರೂಢಿ ಬಿದ್ದೈತಿ, ಹೋಗವಲ್ದು. ದೊಡ್ಡಮ್ಮನ ಓಣ್ಯಾಗ ಈಗ ಸಪ್ಪಳಿಲ್ಲ. ಅಗಲ ರಸ್ತಿಗೆ ಬಾಡಿಗಿ ಮನಿ ಹುಡುಕ್ತೀನಿ ಬಾ ಅಂದ್ರ, "ಈ ಮನಿ ಬಿಟ್ಟು ಎಲ್ಲಿಗೆ ಬರ್ಲಿ" ಅಂತಾಳ. ನಾ ಹುಡುಕೋದು ಬಿಟ್ಟಿಲ್ಲ.

ಐತವಾರ ಕಂಪ್ಲಿಗೆ ಹೋಗ್ತೀನಿ. ಮೊದ್ಲೆಲ್ಲಾ ವಾಪಸ್ ಹೊಂಟ್ರ ಮಗಳು ಹ್ಯಾಂಡಲ್ ಹಿಡಕೊಂಡು ಬಿಡ್ತಿದ್ದಿಲ್ಲ. ಬೆರಳು ಒಂದೊಂದ ಬಿಡಿಸಬೇಕಿತ್ತು, ಓಣಿಗೆಲ್ಲಾ ಕೇಳಂಗ ಚೀರ್ತಿತ್ತು. ಹೋದ ಐತವಾರ ಮಣ್ಣಾಗ ಆಡಕೋಂತ ಕುಂತಿತ್ತು. ಗಾಡಿ ಚಾಲೂ ಮಾಡಿದೆ. ತಲಿ ಎತ್ತಿ, "ಹೋಗಿ ಬಾರಪ್ಪಾ" ಅಂತು, ದೊಡ್ಡೋರಂಗ. ಮತ್ತ ಆಟಕ್ಕ ಹತ್ತಿತು.

ಅವರಜ್ಜಿ, "ನೋಡು, ಈಗ ಅಳಂಗಿಲ್ಲ, ಶಾಣೇ ಆಗ್ಯಾಳ" ಅಂದ್ಲು. ನಾ ಹೌದು ಅಂದೆ. ಗಾಡಿ ಚಾಲೂ ಇಟ್ಕೊಂಡು ಇನ್ನೊಂದೀಟು ಹೊತ್ತು ಅಲ್ಲೇ ನಿಂತೆ, ಅಳ್ತೈತೇನೋ ಅಂತ.