ಮಸಣವಾಣಿಯ ತಾಯತ

ನಾನು ಬರೆದ ದೆವ್ವದ ಕಾದಂಬರಿಯೊಳಗೆ 'ಮಸಣವಾಣಿ' ಎಂಬ ಮಾಟದ ಪುಸ್ತಕವೊಂದು ಬರುತ್ತದೆ. ಅದನ್ನು ಓದಿದವನ ಕಣ್ಣು ಹೋಗುತ್ತದೆ ಎಂದು ಕಥೆ ಕಟ್ಟಿದ್ದು ನಾನೇ. ಕಾದಂಬರಿ ಮಾತ್ರ ಕಲಬುರಗಿಯ ಅಂಗಡಿಗಳಲ್ಲಿ ಧೂಳು ತಿನ್ನುತ್ತಾ ಕೂತಿತ್ತು.

ಕಳೆದ ವರ್ಷ ಬಸ್ಸು ತಪ್ಪಿದ್ದರಿಂದ ಆಳಂದದಲ್ಲಿ ಖಜೂರಿ ಕಡೆಯ ಲಾರಿ ಹತ್ತಿದೆ. ಕನ್ನಡಿಗೆ ಕಟ್ಟಿದ ಕರಿ ದಾರದ ತಾಯತವೊಂದು ಜೋತಾಡುತ್ತಿತ್ತು. ಯಾಕೆಂದು ಕೇಳಿದೆ.

"ಮಸಣವಾಣಿ ಕಾಟ ತಟ್ಟಬಾರ್ದಂತ ಕಟ್ಟೀನ್ರಿ," ಎಂದ ಡ್ರೈವರ್. "ಮೊಬೈಲ್‌ನ್ಯಾಗ ಬರೇ ಅದರ ದೆವ್ವದ ಕಥಿನೇ ಬರಾಕತ್ತಾವ. ಸೊಲ್ಲಾಪುರದಾಗೂ ಈ ತಾಯತ ಮಾರ್ತಾರ."

ನನ್ನ ಹೊಟ್ಟೆಯಲ್ಲಿ ಕಿಚ್ಚೆದ್ದಿತು. ನನ್ನ ಕಾದಂಬರಿ ಜಿಲ್ಲೆ ದಾಟಿಲ್ಲ, ಅದರೊಳಗೆ ಹುಟ್ಟಿದ ಪುಸ್ತಕ ಗಡಿ ದಾಟಿ ಮೆರೆಯುತ್ತಿದೆ! ಮಗನ ಕೀರ್ತಿ ಕೇಳಿ ಉರಿದುಕೊಳ್ಳುವ ಅಪ್ಪ ಇರುತ್ತಾನೆಯೇ? ನಾನಿದ್ದೆ.

"ಅದನ್ನ ಬರದಾವ ನಾನೇ ಅದೀನಿ," ಎಂದೆ.

ಅವನು ನಕ್ಕ. "ಬರದಾವ ರಕ್ತ ಕಾರಿ ಸತ್ತು ನೂರಾರು ವರ್ಷ ಆತ್ರಿ."

ತಡೆಯಲಾಗಲಿಲ್ಲ. ಖಜೂರಿಯ ಚಾದಂಗಡಿ ಮುಂದೆ ಲಾರಿ ನಿಂತಾಗ ಚೀಲದಿಂದ ಕಾದಂಬರಿ ತೆಗೆದು, ಮಸಣವಾಣಿಯ ಮಂತ್ರವಿದ್ದ ಪುಟವನ್ನೇ ತೋರಿಸಿದೆ. ಅವನು ತಾಯತವನ್ನು ಮುಷ್ಟಿಯಲ್ಲಿ ಹಿಡಿದು ಎರಡು ಪುಟ ಓದಿದ. ಕಣ್ಣುಜ್ಜಿಕೊಂಡು ಅಂಗಡಿಯ ಬೋರ್ಡನ್ನು ಸಲೀಸಾಗಿ ಓದಿದ. ಆಮೇಲೆ ತಾಯತ ಬಿಟ್ಟು, ಮರುಕದಿಂದ ಪುಸ್ತಕ ನನ್ನ ಕೈಗಿಟ್ಟ.

"ಇದು ಡೂಪ್ಲಿಕೇಟ್ ಐತ್ರಿ ಸರ್. ಎರಡು ಪುಟ ಓದೀನಿ, ನನಗೇನೂ ಆಗ್ಲಿಲ್ಲ."

ನನ್ನ ಕಾದಂಬರಿಗೆ ಇಲ್ಲಿಯವರೆಗೆ ಬಂದ ವಿಮರ್ಶೆ ಅದೊಂದೇ.